ಕಳಸಕ್ಕೆ ಹೊರಟಿದ್ದೀರಾ? ಹೋಂಸ್ಟೇಗೆ ಅಡ್ವಾನ್ಸ್ ಕಳಿಸುವ ಮುಂಚೆ ಓದಿ

ಚಿಕ್ಕಮಗಳೂರು ಜಿಲ್ಲೆಯ ಕಳಸದ ಕಡೆಯಿಂದ ಕುದುರೆಮುಖ ಬೆಟ್ಟ ಹತ್ತಬೇಕು ಅಂತ ಸೆಪ್ಟೆಂಬರಿನಲ್ಲಿ ಹೊರಟವರು ನಾವು ನಾಲ್ಕು ಜನ. ಹತ್ತಲಿಲ್ಲ. ಆ ಚಾರಣಕ್ಕೆ ಈಗ ಅರಣ್ಯ ಇಲಾಖೆಯ ಆನ್‌ಲೈನ್ ಟಿಕೆಟ್ ಬೇಕು, ದಿನಕ್ಕೆ 300 ಜನಕ್ಕೆ ಮಾತ್ರ. ನಾವು ನೋಡುವಷ್ಟರಲ್ಲಿ ಶನಿವಾರ, ಭಾನುವಾರ ಎರಡೂ ದಿನದ ಟಿಕೆಟ್ ಮುಗಿದುಹೋಗಿತ್ತು. ಆದರೆ ಕಳಸದ ಹತ್ತಿರದ ಸಂಸೆ ಊರಿನ ಕಡೆಯ ಒಂದು ಹೋಂಸ್ಟೇಯವರು, "ಟಿಕೆಟ್ ತಲೆಬಿಸಿ ನಮಗೆ ಬಿಡಿ ಸಾರ್, ನೀವು ಬನ್ನಿ" ಅಂದರು. ತಲೆಗೆ 1,800 ರೂಪಾಯಿ. ಅರ್ಧ ದುಡ್ಡು ಕಳಿಸಿಬಿಟ್ಟೆವು.

ಹೋಗಿ ನೋಡಿದರೆ ಟಿಕೆಟ್ಟೂ ಇಲ್ಲ, ಗಿಕೆಟ್ಟೂ ಇಲ್ಲ. ರಸ್ತೆಯಿಂದ ಮನೆವರೆಗಿನ ಜೀಪಿಗೆ ಬೇರೆ 1,500. ರಾತ್ರಿ ಹನ್ನೆರಡರ ತನಕ ಪಕ್ಕದ ಗುಂಪಿನ ಸ್ಪೀಕರ್. ಕಾಡಿನ ಸದ್ದು ಕೇಳೋಣ ಅಂತ ಬಂದವರಿಗೆ ಡಿಜೆ! ನಿಮ್ಮ ಹೆಸರಿನ ಟಿಕೆಟ್ ನಿಮ್ಮ ಫೋನಿಗೆ ಬರುವ ತನಕ ಯಾರಿಗೂ ದುಡ್ಡು ಹಾಕಬೇಡಿ. ಜೀಪಿನ ಬಾಡಿಗೆಯನ್ನೂ ಮೊದಲೇ ಕೇಳಿ.

ಬೆಳಿಗ್ಗೆ ಚೀಲ ಹೊತ್ತು ಕಳಸ ಪೇಟೆಗೆ ಇಳಿದೆವು. ಸಣ್ಣ ಪೇಟೆ. ಮೆಟ್ಟಿಲು ಹತ್ತಿದರೆ ಕಳಸೇಶ್ವರ ದೇವಸ್ಥಾನ, ಊರಿನ ಪಕ್ಕಕ್ಕೆ ಭದ್ರಾ ಹೊಳೆ. 700 ರೂಪಾಯಿಗೆ ಲಾಡ್ಜ್ ಸಿಕ್ಕಿತು. ಗೋಡೆಗೆ ಬೂಸ್ಟು ಹಿಡಿದಿತ್ತು, ಮಲೆನಾಡಲ್ವಾ, ಒಗೆದ ಬಟ್ಟೆಯಂತೂ ಒಣಗಲೇ ಇಲ್ಲ. ಆದರೂ ಕದ ಹಾಕಿದರೆ ನಿಶ್ಶಬ್ದ.

ಊಟದ ವಿಷಯ ಹೇಳಲೇಬೇಕು. ಬಸ್ ಸ್ಟ್ಯಾಂಡಿನ ಹತ್ತಿರ ನಾಲ್ಕೇ ಬೆಂಚಿನ ಹೋಟೆಲು. ಗಂಡ ಕಾವಲಿ ಮುಂದೆ, ಹೆಂಡತಿ ಗಲ್ಲಾದಲ್ಲಿ. ಕರವಸ್ತ್ರದ ಹಾಗೆ ಮಡಿಸಿದ ನೀರುದೋಸೆ, ಕಾಯಿಚಟ್ನಿ, ಪಕ್ಕದಲ್ಲಿ ಕಾಯಿ-ಬೆಲ್ಲ. ತಟ್ಟೆ ಖಾಲಿಯಾಗುವ ಮೊದಲೇ ಇನ್ನೊಂದು ದೋಸೆ ಬಂದು ಬೀಳುತ್ತದೆ, ಬೇಡ ಅನ್ನಲು ಪುರುಸೊತ್ತೇ ಕೊಡುವುದಿಲ್ಲ. ನಾನು ಒಂಬತ್ತು ತಿಂದೆ. ನಾಲ್ವರಿಗೂ ಕಾಫಿ ಸೇರಿ 260 ರೂಪಾಯಿ. "ಮಧ್ಯಾಹ್ನ ಕಡುಬು ಮಾಡ್ತೀವಿ, ಬನ್ನಿ" ಅಂದರು ಆ ಅಮ್ಮ. ಹೋದೆವು. ರಾತ್ರಿಯೂ ಅಲ್ಲಿಗೇ ಹೋದೆವು. ಆದರೆ ಎಂಟಕ್ಕೆಲ್ಲ ಬಾಗಿಲು ಹಾಕುತ್ತಾರೆ, ತಡ ಮಾಡಬೇಡಿ. ನೆಟ್‌ವರ್ಕ್ ಕೈಕೊಡುತ್ತಿರುತ್ತದೆ, ಫೋನ್‌ಪೇ ನಂಬಿ ಹೋಗಬೇಡಿ, ನೋಟು ಇಟ್ಟುಕೊಳ್ಳಿ.

ಆಟೋ ಮಾಡಿಕೊಂಡು ಅಂಬಾತೀರ್ಥಕ್ಕೆ ಹೋಗಿ. ಬಂಡೆಗಳ ನಡುವೆ ಭದ್ರೆ ಸುಳಿ ಸುತ್ತುವ ಜಾಗ. ಅಲ್ಲೊಂದು ದೊಡ್ಡ ಕಲ್ಲಿದೆ, ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದಿಟ್ಟದ್ದು ಅಂತ ಅದರ ಮೇಲೇ ಕೆತ್ತಿದ್ದಾರೆ. ನಾವು ಹೋದಾಗ ಒಂದು ನರಪಿಳ್ಳೆಯೂ ಇರಲಿಲ್ಲ. ನೀರಿಗೆ ಮಾತ್ರ ಇಳಿಯಬೇಡಿ. ಉಂಬಳ, ಅಂದರೆ ಜಿಗಣೆ, ಸಿಕ್ಕಾಪಟ್ಟೆ. ಸುಣ್ಣದ ಡಬ್ಬಿ ಜೇಬಿನಲ್ಲಿರಲಿ, ಹಚ್ಚಿದರೆ ತಾನೇ ಬಿಡುತ್ತದೆ.

ಹೊರನಾಡು 8 ಕಿಲೋಮೀಟರ್ ಅಷ್ಟೇ. ಅನ್ನಪೂರ್ಣೇಶ್ವರಿಯ ಊಟ ಚೆನ್ನಾಗಿದೆ, ಭಾನುವಾರದ ಸಾಲು ನನ್ನಂಥವನಿಗಲ್ಲ. ವಾರದ ಮಧ್ಯೆ ಹೋಗಿ.

ಇನ್ನು ಬಸ್ಸು. ಬೆಂಗಳೂರಿನಿಂದ ಹೊರನಾಡಿಗೆ ಹೋಗುವ ರಾತ್ರಿ ಬಸ್ ಕಳಸದ ಮೇಲೇ ಹೋಗುತ್ತದೆ. ನಾವು ತಡವಾಗಿ ಬುಕ್ ಮಾಡಿ ಕಡೇ ಸೀಟಿನಲ್ಲಿ ಕೂತೆವು. ಕೊಟ್ಟಿಗೆಹಾರ ದಾಟಿದ ಮೇಲೆ ತಿರುವೋ ತಿರುವು. ತಲೆ ಸೂರಿಗೆ ಬಡಿಯಿತು, ಪಕ್ಕದವರು ಕಿಟಕಿ ಬಿಡಲಿಲ್ಲ, ನಮ್ಮಲ್ಲಿ ಇಬ್ಬರು ಕವರ್ ಹಿಡಿದೇ ಕಳಸ ಕಂಡರು. ಮುಂದಿನ ಆರು ಸಾಲಿನೊಳಗೆ ಸೀಟು ಸಿಗದಿದ್ದರೆ ಹಗಲು ಬಸ್ಸಿಗೆ ಹೊರಡಿ. ವಾಂತಿ ತಡೆಯುವ ಮಾತ್ರೆಯನ್ನು ಕೊಟ್ಟಿಗೆಹಾರಕ್ಕೂ ಮೊದಲು ಸಿಗುವ ಮೂಡಿಗೆರೆಯಲ್ಲೇ ನುಂಗಿ.