"ಓಕೆ ಒತ್ತಿ ಸರ್" ಎಂದವರು ನಾವೇ

2022ರ ಮಾರ್ಚ್. ಮದುವೆ ಸೀಸನ್ ಜೋರಾಗಿತ್ತು. ಸಂಜೆ ಏಳರ ಹೊತ್ತಿಗೆ ದಾವಣಗೆರೆಯ ಒಂದು ಫೋಟೋ ಸ್ಟುಡಿಯೋದಿಂದ ಫೋನ್ ಬಂತು. ನಮ್ಮದು ಬೆಂಗಳೂರಿನ ಚಿಕ್ಕ ಕಂಪನಿ, ಸ್ಟುಡಿಯೋದವರಿಗೆ ಮದುವೆ ಆಲ್ಬಮ್ ಜೋಡಿಸುವ ಸಾಫ್ಟ್‌ವೇರ್ ಮಾಡುತ್ತೇವೆ, ಮ್ಯಾಕ್‌ಗೂ ವಿಂಡೋಸ್‌ಗೂ.

"ಸರ್, ಪುಟ ಎಲ್ಲಾ ಜೋಡಿಸಿದ್ದೀನಿ. 'ಪ್ರೆಸ್‌ಗೆ ಕಳಿಸು' ಒತ್ತಿದ್ರೆ ಏನೂ ಆಗ್ತಿಲ್ಲ. ಎರರ್ ಕೂಡ ಬರ್ತಿಲ್ಲ. ನಾಳೆ ಬೆಳಗ್ಗೆ ಫೈಲ್ ಹೋಗ್ಲಿಲ್ಲ ಅಂದ್ರೆ ಹುಡುಗಿ ಮನೆಯವರಿಗೆ ಏನು ಹೇಳ್ಲಿ?"

ಮ್ಯಾಕ್ ಅಪ್‌ಡೇಟ್ ಮಾಡಿದಿರಾ ಎಂದು ಕೇಳಿದೆ. "ಹೌದು ಸರ್, ನಿನ್ನೆ ರಾತ್ರಿ. ಅದೇ ಕೇಳ್ತಾ ಇತ್ತು, ಮಾಡಿದೆ."

ಮ್ಯಾಕ್ ಓಡಿಸುವ ವ್ಯವಸ್ಥೆ ಮ್ಯಾಕ್‌ಓಎಸ್, ಅದರ 12.3 ಬಂದಿದ್ದು ಮಾರ್ಚ್ 14ಕ್ಕೆ. ಆ ಅಪ್‌ಡೇಟ್‌ನಲ್ಲಿ ಆಪಲ್‌ನವರು ಪೈಥಾನ್ 2.7 (ಪೈಥಾನ್ ಒಂದು ಪ್ರೋಗ್ರಾಮಿಂಗ್ ಭಾಷೆ) ಅನ್ನು ಮ್ಯಾಕ್‌ನಿಂದಲೇ ತೆಗೆದುಹಾಕಿದ್ದರು. ನಮ್ಮ ಸಾಫ್ಟ್‌ವೇರಿನ ಮುಖ್ಯ ಭಾಗಕ್ಕೆ ಪೈಥಾನ್ ಬೇಕಿರಲಿಲ್ಲ. ಆದರೆ ಕೊನೆಯ ಹಂತದಲ್ಲಿ, ಅಂದರೆ ಫೋಟೋಗಳಿಗೆ ಪ್ರೆಸ್‌ನವರು ಕೇಳುವ ರೀತಿ ಹೆಸರಿಟ್ಟು, ಪುಟಗಳ ಪಟ್ಟಿ ಮಾಡಿ, ಒಂದು ಫೋಲ್ಡರಿಗೆ ತುಂಬುವ ಕಡೆ, ಎಂಟು ವರ್ಷ ಹಳೆಯ ಒಂದು ಪೈಥಾನ್ ಸ್ಕ್ರಿಪ್ಟ್ (ಸಣ್ಣ ಪ್ರೋಗ್ರಾಮ್) ಕೂತಿತ್ತು. ಅದರ ಮೊದಲ ಸಾಲಿನಲ್ಲೇ ಯುಎಸ್‌ಆರ್/ಬಿನ್/ಪೈಥಾನ್ ಎಂದು, ಪೈಥಾನ್ ಎಲ್ಲಿದೆ ಎನ್ನುವ ವಿಳಾಸ ಬರೆದಿತ್ತು. ಆ ವಿಳಾಸದಲ್ಲಿ ಈಗ ಯಾರೂ ಇರಲಿಲ್ಲ. ಇನ್ನೊಂದು ತಪ್ಪೂ ಇತ್ತು. ಸ್ಕ್ರಿಪ್ಟ್ ಓಡಿತೋ ಇಲ್ಲವೋ ಎಂದು ನಮ್ಮ ಕೋಡ್ ನೋಡುತ್ತಲೇ ಇರಲಿಲ್ಲ. ಹಾಗಾಗಿ ಆ ಮನುಷ್ಯನಿಗೆ ಒಂದು ಎರರ್ ಕೂಡ ಕಾಣಿಸಲಿಲ್ಲ.

ಪುಣ್ಯಕ್ಕೆ ಅವರ ಸ್ಟುಡಿಯೋದಲ್ಲಿ ಅಪ್‌ಡೇಟ್ ಆಗದ ಹಳೆಯ ಐಮ್ಯಾಕ್ ಒಂದಿತ್ತು. ಪೆನ್‌ಡ್ರೈವ್‌ನಲ್ಲಿ ಎಲ್ಲವನ್ನೂ ಅದಕ್ಕೆ ಹಾಕಿಸಿ, ರಾತ್ರಿ ಹತ್ತೂವರೆಗೆ ಫೈಲ್ ಕಳಿಸಿದೆವು. ಮರುದಿನ ಬೆಳಗ್ಗೆಯಿಂದ ಬೇರೆ ಊರುಗಳ ಫೋನ್ ಶುರುವಾಯಿತು.

ನನಗೆ ಇವತ್ತಿಗೂ ಕಾಡುವುದು ಬೇರೆ ವಿಷಯ. ಇದು ಗೊತ್ತಿಲ್ಲದೆ ಆದದ್ದಲ್ಲ. 2019ರಲ್ಲಿ ಕ್ಯಾಟಲಿನಾ ಎಂಬ ಮ್ಯಾಕ್‌ಓಎಸ್ ಬಂದಾಗಲೇ ಆಪಲ್‌ನವರು ಬರೆದಿದ್ದರು: ಪೈಥಾನ್, ರೂಬಿ, ಪರ್ಲ್ ಇವೆಲ್ಲ ಹಳೆಯ ಸಾಫ್ಟ್‌ವೇರಿಗಾಗಿ ಮಾತ್ರ ಇಟ್ಟಿದ್ದೇವೆ, ಮುಂದೆ ಇರುವುದಿಲ್ಲ, ಬೇಕಾದವರು ತಮ್ಮ ಆ್ಯಪ್ ಒಳಗೇ ಹಾಕಿಕೊಳ್ಳಿ ಎಂದು. ಪೈಥಾನ್ 2ಕ್ಕೆ 2020ರ ಜನವರಿ 1ರಿಂದ ಅದನ್ನು ಮಾಡಿದವರೇ ಬೆಂಬಲ ನಿಲ್ಲಿಸಿದರು. ಕೊನೆಯ 2.7.18 ಆ ಏಪ್ರಿಲ್‌ನಲ್ಲಿ ಬಂತು, ಅಲ್ಲಿಗೆ ಮುಗಿಯಿತು. ಮಾಂಟೆರೇ (ಮ್ಯಾಕ್‌ಓಎಸ್ 12) ಬಂದ ದಿನವೇ ಪಿಎಚ್‌ಪಿ ಎಂಬ ಇನ್ನೊಂದು ಭಾಷೆ ಹೋಗಿತ್ತು. 12.3ರ ಬೀಟಾ (ಪರೀಕ್ಷಾ ಆವೃತ್ತಿ) 2022ರ ಜನವರಿಯಲ್ಲೇ ಹೊರಬಂದಿತ್ತು, ಅದರಲ್ಲಿ ಪೈಥಾನ್ ಇರಲಿಲ್ಲ. ಆ ಒಂದೂವರೆ ತಿಂಗಳಲ್ಲಿ ನಾವು ಒಂದು ದಿನವೂ ಬೀಟಾ ಹಾಕಿ ನೋಡಲಿಲ್ಲ.

ಇಷ್ಟೇ ಆಗಿದ್ದರೆ ಡೆವಲಪರ್‌ಗಳು ಓದಬೇಕಾದದ್ದನ್ನು ಓದಲಿಲ್ಲ ಎಂದು ಹೇಳಿ ಮುಂದೆ ಹೋಗಬಹುದಿತ್ತು. ಆದರೆ ಮಾಂಟೆರೇಯಲ್ಲಿ, ಯಾವುದಾದರೂ ಆ್ಯಪ್ ಪೈಥಾನ್ 2 ಬಳಸಿದರೆ, ಬಳಸುವವರ ಸ್ಕ್ರೀನ್ ಮೇಲೇ ಒಂದು ಡಬ್ಬಿ ಬರುತ್ತಿತ್ತು. ಈ ಆ್ಯಪ್ ಮುಂದಿನ ಮ್ಯಾಕ್‌ಓಎಸ್‌ನಲ್ಲಿ ಓಡುವುದಿಲ್ಲ, ಅಪ್‌ಡೇಟ್ ಆಗಬೇಕು ಎನ್ನುವ ಅರ್ಥದ ಮಾತು ಅದರಲ್ಲಿತ್ತು. ಆ ಡಬ್ಬಿಯನ್ನು ನಮ್ಮ ಗ್ರಾಹಕರು ನೋಡಿದ್ದರು. ನಮಗೆ ಫೋನ್ ಮಾಡಿ ಹೇಳಿಯೂ ಇದ್ದರು. ಆಮೇಲೆ ಸಪೋರ್ಟ್ ಪುಸ್ತಕ ತಿರುವಿ ನೋಡಿದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಒಂಬತ್ತು ಜನ ಕರೆ ಮಾಡಿದ್ದರು. ಒಂಬತ್ತೂ ಕಡೆ ಉತ್ತರ ಒಂದೇ, "ಏನೂ ತೊಂದರೆ ಇಲ್ಲ, ಓಕೆ ಒತ್ತಲು ತಿಳಿಸಲಾಗಿದೆ." ಅದರಲ್ಲಿ ಎರಡು ನನ್ನ ಕೈಬರಹ. ದಾವಣಗೆರೆಯವರ ಹೆಸರೂ ಆ ಪಟ್ಟಿಯಲ್ಲಿತ್ತು.

ಸರಿ, ರಿಪೇರಿಯ ಕಥೆಗೆ ಬರುತ್ತೇನೆ, ಯಾಕೆಂದರೆ ಇದೇ ದಾರಿಯಲ್ಲಿ ಇರುವವರಿಗೆ ಉಪಯೋಗ ಆಗಬಹುದು.

ಮೊದಲು ಬಂದ ಯೋಚನೆ, ಹೊಸ ಪೈಥಾನ್ ಹಾಕಿಸಿ ಹಳೆಯ ವಿಳಾಸದಲ್ಲಿ ಒಂದು ಲಿಂಕ್ ಇಟ್ಟುಬಿಡೋಣ ಎಂದು. ಆಗುವುದಿಲ್ಲ. 2015ರ ಎಲ್ ಕ್ಯಾಪಿಟನ್ ಆವೃತ್ತಿಯಿಂದ ಆ ಫೋಲ್ಡರಿಗೆ ಅಡ್ಮಿನ್ ಪಾಸ್‌ವರ್ಡ್ ಇದ್ದರೂ ಬರೆಯಲು ಬಿಡುವುದಿಲ್ಲ. ಬಿಗ್ ಸರ್ ಆವೃತ್ತಿಯಿಂದ ಇಡೀ ಸಿಸ್ಟಮ್ ಭಾಗಕ್ಕೇ ಸೀಲ್ ಹಾಕಿದ್ದಾರೆ.

ಎರಡನೆಯದು, ಸ್ಕ್ರಿಪ್ಟನ್ನು ಪೈಥಾನ್ 3ಕ್ಕೆ ಬದಲಿಸಿ, ಮ್ಯಾಕ್‌ನಲ್ಲಿರುವ ಪೈಥಾನ್3 ಬಳಸೋಣ ಎಂದುಕೊಂಡೆವು. ಆ ಹೆಸರಿನ ಫೈಲ್ ಅಲ್ಲಿ ಇದೆ ನಿಜ, ಆದರೆ ಅದು ಖಾಲಿ ಪೆಟ್ಟಿಗೆ. ಓಡಿಸಿದರೆ ಡೆವಲಪರ್ ಟೂಲ್ಸ್ ಇನ್‌ಸ್ಟಾಲ್ ಮಾಡಲೇ ಎಂದು ಕೇಳುತ್ತದೆ. ಅದು ನೂರಾರು ಎಂಬಿ ಡೌನ್‌ಲೋಡ್. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕೆಲಸ ಮಾಡುವ ಸ್ಟುಡಿಯೋದವರಿಗೆ, ಕ್ಯಾಮೆರಾ ಬಿಟ್ಟರೆ ಬೇರೆ ಗೊಡವೆ ಬೇಡ ಎನ್ನುವವರಿಗೆ, ಇದನ್ನು ಹೇಗೆ ಹೇಳುವುದು? ಅದು ಅವರ ಕೆಲಸವೇ ಅಲ್ಲ.

ಆದರೂ ಅವಸರದಲ್ಲಿ ಒಂದು ಪ್ಯಾಚ್ ಬಿಟ್ಟೆವು. ಎಲ್ಲಾದರೂ ಪೈಥಾನ್ 3 ಇದ್ದರೆ ಹುಡುಕಿ ಬಳಸುವ ಹಾಗೆ. ನಮ್ಮ ಆಫೀಸಿನ ಎಲ್ಲ ಮ್ಯಾಕ್‌ಗಳಲ್ಲಿ ಓಡಿತು. ಹೊರಗೆ ಹೋದ ಕೂಡಲೇ ಬಿತ್ತು. ನಾವು ಟರ್ಮಿನಲ್‌ನಿಂದ (ಕಮಾಂಡ್ ಟೈಪ್ ಮಾಡುವ ಕಿಟಕಿ) ಆ್ಯಪ್ ಶುರು ಮಾಡಿ ನೋಡಿದ್ದೆವು. ಗ್ರಾಹಕರು ಐಕಾನ್ ಒತ್ತುತ್ತಾರೆ. ಐಕಾನ್ ಒತ್ತಿ ತೆರೆದ ಆ್ಯಪ್‌ಗೆ ಟರ್ಮಿನಲ್‌ನಲ್ಲಿ ನಾವು ಇಟ್ಟುಕೊಂಡ ಪಾತ್ (ಪ್ರೋಗ್ರಾಮ್ ಹುಡುಕುವ ಫೋಲ್ಡರ್‌ಗಳ ಪಟ್ಟಿ) ಸಿಗುವುದಿಲ್ಲ, ಸಿಸ್ಟಮ್‌ನ ನಾಲ್ಕು ಫೋಲ್ಡರ್ ಮಾತ್ರ ಕಾಣುತ್ತವೆ. ಡೆವಲಪರ್‌ಗಳು ಸಾಫ್ಟ್‌ವೇರ್ ಹಾಕಿಕೊಳ್ಳಲು ಬಳಸುವ ಹೋಮ್‌ಬ್ರೂ ತರುವ ಪೈಥಾನ್, ಇಂಟೆಲ್ ಮ್ಯಾಕ್‌ನಲ್ಲಿ ಒಂದು ಕಡೆ, ಆಪಲ್‌ನದೇ ಚಿಪ್ ಇರುವ ಎಂ1 ಮ್ಯಾಕ್‌ನಲ್ಲಿ ಇನ್ನೊಂದು ಕಡೆ ಇರುತ್ತದೆ. ಎರಡೂ ಆ ನಾಲ್ಕರಲ್ಲಿ ಇಲ್ಲ. ಡೆವಲಪರ್ ಮ್ಯಾಕ್‌ನಲ್ಲಿ ಪರೀಕ್ಷೆ ಮಾಡಿದ್ದಕ್ಕೆ ಬೆಲೆಯೇ ಇಲ್ಲ ಎಂದು ಆವತ್ತು ಅರ್ಥವಾಯಿತು. ಮರುದಿನವೇ ಒಂದು ಹಳೆಯ ಮ್ಯಾಕ್‌ಬುಕ್ ಪೂರ್ತಿ ಅಳಿಸಿ, ಅದರಲ್ಲಿ ಬರೀ ಮ್ಯಾಕ್‌ಓಎಸ್ ಬಿಟ್ಟು ಬೇರೇನೂ ಹಾಕಬಾರದು ಎಂದು ಚೀಟಿ ಅಂಟಿಸಿದೆವು. ಆ ಚೀಟಿ ಈಗಲೂ ಇದೆ.

ಆಮೇಲೆ ಆಪಲ್‌ನವರು 2019ರಲ್ಲಿ ಹೇಳಿದ್ದನ್ನೇ ಮಾಡಿದೆವು. ಪೈಥಾನ್ 3 ಅನ್ನು ನಮ್ಮ ಆ್ಯಪ್ ಒಳಗೇ ಇಟ್ಟೆವು.

ಭಾಷೆ ಬದಲಿಸುವುದು ಸುಲಭ ಎಂದುಕೊಂಡಿದ್ದೆವು. ಪೈಥಾನ್ 2ರಲ್ಲಿ 90 ಅನ್ನು 4ರಿಂದ ಭಾಗಿಸಿದರೆ 22, ಪೈಥಾನ್ 3ರಲ್ಲಿ 22.5. ಪುಟಗಳ ಲೆಕ್ಕಕ್ಕೆ 22.5 ಕೊಟ್ಟರೆ ಅದು ಒಪ್ಪುವುದಿಲ್ಲ, ಅಲ್ಲೇ ನಿಲ್ಲುತ್ತದೆ. ಇದು ಬೇಗ ಸಿಕ್ಕಿತು. ಬೇಗ ಸಿಗದಿದ್ದದ್ದು ಕನ್ನಡದ್ದು. ಆಲ್ಬಮ್‌ನ ಬೆನ್ನಿನ ಮೇಲೆ ವಧೂವರರ ಹೆಸರು ಅಚ್ಚಾಗುತ್ತದೆ, ಅದಕ್ಕೆ ಇಷ್ಟೇ ಜಾಗ ಎಂದು ಮಿತಿ ಇದೆ. ಪೈಥಾನ್ 2ರಲ್ಲಿ ಸುಮ್ನೆ 'ಕನ್ನಡ' ಎಂದು ಬರೆದು ಉದ್ದ ಕೇಳಿದರೆ 15 ಎನ್ನುತ್ತದೆ, ಅದು ಎಣಿಸುವುದು ಬೈಟ್‌ಗಳನ್ನು, ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟ್. ಪೈಥಾನ್ 3 ಅದಕ್ಕೇ 5 ಎನ್ನುತ್ತದೆ, ಅದು ಎಣಿಸುವುದು ಚಿಹ್ನೆಗಳನ್ನು; 'ನ್ನ' ಒಂದಕ್ಕೇ ಮೂರು ಚಿಹ್ನೆ. ನಮ್ಮ ಕಣ್ಣಿಗೆ ಅಕ್ಷರ ಮೂರೇ. ಹಿಂದೆ ಯಾರೋ ಹೆಸರು ಅರ್ಧಕ್ಕೆ ತುಂಡಾಗುವುದನ್ನು ನೋಡಿ, ಕನ್ನಡವಾದರೆ ಮಿತಿಯನ್ನು 3ರಿಂದ ಗುಣಿಸಿ ಎಂದು ಬರೆದಿಟ್ಟಿದ್ದರು. ಹೊಸ ಪೈಥಾನ್‌ಗೆ ಆ ಗುಣಾಕಾರ ಹಾಗೇ ಹೋಯಿತು, ಉದ್ದ ಹೆಸರುಗಳು ಬೆನ್ನು ದಾಟಿ ಆಚೆ ಹೋದವು. ಪ್ರೆಸ್‌ನವರೇ ಫೋನ್ ಮಾಡಿ ಹೇಳಿದರು, ಒಳ್ಳೆಯ ಜನ. ಈಗ ಅಕ್ಷರ ಎಣಿಸುವುದನ್ನೇ ಬಿಟ್ಟಿದ್ದೇವೆ. ಆ ಫಾಂಟಿನಲ್ಲಿ ಹೆಸರು ಎಷ್ಟು ಅಗಲ ಬರುತ್ತದೆ ಎಂದು ಅಳೆದು ನೋಡುತ್ತೇವೆ. ಮೊದಲೇ ಹೀಗೆ ಮಾಡಬೇಕಿತ್ತು, ಅಲ್ವಾ?

ಇನ್ನು ಡಿಜಿಟಲ್ ಸಹಿ, ಅಂದರೆ ಈ ಫೈಲ್ ನಮ್ಮದೇ, ಯಾರೂ ತಿದ್ದಿಲ್ಲ ಎನ್ನುವ ಗುರುತು. 2020ರ ಫೆಬ್ರವರಿಯಿಂದ ಆಪ್ ಸ್ಟೋರ್ ಹೊರಗೆ ಕೊಡುವ ಮ್ಯಾಕ್ ಆ್ಯಪ್‌ಗಳನ್ನೂ ಆಪಲ್‌ಗೆ ಕಳಿಸಿ ನೋಟರೈಸ್ (ಅಪಾಯದ ಕೋಡ್ ಇಲ್ಲ ಎಂದು ತಪಾಸಣೆ) ಮಾಡಿಸಬೇಕು. ಪೈಥಾನ್ ಒಳಗೆ ಹತ್ತಾರು ಸಣ್ಣ ಲೈಬ್ರರಿ ಫೈಲ್‌ಗಳಿರುತ್ತವೆ. ಪ್ರತಿಯೊಂದಕ್ಕೂ ಸಹಿ ಬೇಕು, ಒಂದು ಬಿಟ್ಟರೂ ವಾಪಸ್ ಬರುತ್ತದೆ. ಒಳಗಿನಿಂದ ಹೊರಗೆ ಸಹಿ ಹಾಕುತ್ತಾ ಬರಬೇಕು, ಕೊನೆಗೆ ಆ್ಯಪ್‌ಗೆ. ನಾವು ಸಹಿ ಹಾಕಿದ ಮೇಲೆ ಲೈಬ್ರರಿಗಳ ಪಾತ್ (ಇಲ್ಲಿ ಅವು ಇರುವ ಜಾಗದ ವಿಳಾಸ) ಬದಲಿಸಿದೆವು. ಸಹಿ ಕೆಟ್ಟಿತು, ಎಂ1 ಮ್ಯಾಕ್‌ನಲ್ಲಿ ಸ್ಕ್ರಿಪ್ಟ್ ಶುರುವಾದ ಕ್ಷಣವೇ ಸತ್ತಿತು. ಎರಡು ದಿನ ಇದಕ್ಕೇ ಹೋಯಿತು. ಪಾತ್ ಮೊದಲು, ಸಹಿ ಆಮೇಲೆ. ಈ ಕ್ರಮ ಈಗ ಬಿಲ್ಡ್ ಸ್ಕ್ರಿಪ್ಟ್‌ನಲ್ಲಿ ಇದೆ, ಯಾರೂ ನೆನಪಿಟ್ಟುಕೊಳ್ಳಬೇಕಾಗಿಲ್ಲ.

ಹೀಗೆ ಮಾಡಿದ್ದಕ್ಕೆ ಖರ್ಚೂ ಇದೆ. ಡೌನ್‌ಲೋಡ್ ಗಾತ್ರ ಹೆಚ್ಚು ಕಡಿಮೆ ಎರಡರಷ್ಟಾಯಿತು. ಅದಕ್ಕಿಂತ ದೊಡ್ಡದು, ಆ ಪೈಥಾನ್ ಈಗ ನಮ್ಮ ಜವಾಬ್ದಾರಿ. ಅದರಲ್ಲಿ ಸೆಕ್ಯುರಿಟಿ ತೂತು ಸಿಕ್ಕರೆ ನಾವೇ ಹೊಸ ರಿಲೀಸ್ ಮಾಡಬೇಕು. ಒಬ್ಬ ಹಿರಿಯ ಸಹೋದ್ಯೋಗಿ ಆಗ ನೆನಪು ಮಾಡಿದರು, 2011ರಲ್ಲಿ ಮ್ಯಾಕ್‌ನ ಲಯನ್ ಆವೃತ್ತಿ ಬಂದಾಗ ಜಾವಾ ಕೂಡ ಜೊತೆಗೆ ಬರುವುದು ನಿಂತಿತ್ತು ಎಂದು. ಆದರೆ ಆಗ ಜಾವಾ ಆ್ಯಪ್ ತೆರೆದರೆ ಮ್ಯಾಕ್ ತಾನೇ ಕೇಳಿ ಜಾವಾ ತಂದು ಹಾಕುತ್ತಿತ್ತು. ಪೈಥಾನ್ 2ಕ್ಕೆ ಆ ದಾರಿ ಇರಲಿಲ್ಲ. ಹಾಗಾಗಿ ಇನ್ನೊಬ್ಬರ ಮನೆಯಲ್ಲಿರುವ ಪಾತ್ರೆಯಲ್ಲಿ ನಮ್ಮ ಅಡುಗೆ ಬೇಡ ಎಂದು ನಾನು ಈಗ ಮೀಟಿಂಗ್‌ನಲ್ಲಿ ಗಟ್ಟಿಯಾಗಿಯೇ ಹೇಳುತ್ತೇನೆ.

ಸಪೋರ್ಟ್‌ನಲ್ಲೂ ಒಂದು ಬದಲಾವಣೆ ಮಾಡಿದೆವು. ಸ್ಕ್ರೀನ್ ಮೇಲೆ ನಮ್ಮದಲ್ಲದ ಯಾವ ಡಬ್ಬಿ ಬಂದರೂ ಫೋಟೋ ತೆಗೆದು ವಾಟ್ಸ್‌ಆ್ಯಪ್ ಮಾಡಿ ಎನ್ನುತ್ತೇವೆ. ಪ್ರತಿ ಶುಕ್ರವಾರ ಒಬ್ಬ ಡೆವಲಪರ್ ಕೂತು ಅವನ್ನೆಲ್ಲ ಓದಬೇಕು. ಜಾಸ್ತಿ ಏನೂ ಇರುವುದಿಲ್ಲ. ಡಿಸ್ಕ್ ತುಂಬಿದೆ, ಐಕ್ಲೌಡ್ ಪಾಸ್‌ವರ್ಡ್ ಕೊಡಿ, ಇಂಥವೇ. ಆದರೂ ಓದುತ್ತೇವೆ.

2023ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್‌ನವರು ವಿಂಡೋಸ್‌ನಿಂದ ವಿಬಿಸ್ಕ್ರಿಪ್ಟ್ ಎಂಬ ಹಳೆಯ ಭಾಷೆಯನ್ನು ತೆಗೆಯುತ್ತೇವೆ, ಮೊದಲು ಅದು ಬೇಕಾದರೆ ಮಾತ್ರ ಹಾಕಿಕೊಳ್ಳುವ ಭಾಗವಾಗುತ್ತದೆ ಎಂದು ಹೇಳಿದರು. ಅದನ್ನು ಓದಿದ ದಿನವೇ ನಮ್ಮ ಇಡೀ ಕೋಡ್‌ನಲ್ಲಿ ಹುಡುಕಿದೆ. ವಿಂಡೋಸ್ ಇನ್‌ಸ್ಟಾಲರ್ ಒಳಗೆ ಒಂದು ವಿಬಿಎಸ್ ಫೈಲ್ ಇತ್ತು, ಡೆಸ್ಕ್‌ಟಾಪ್ ಮೇಲೆ ಶಾರ್ಟ್‌ಕಟ್ ಇಡುವ ಹನ್ನೊಂದು ಸಾಲು. ತೆಗೆಯಲು ಅರ್ಧ ದಿನ ಸಾಕಾಯಿತು.