ಸೋಪು ಒಣಗುವ ಆರು ವಾರ

ಮನೆಯಲ್ಲಿ ಸೋಪು ಮಾಡುವುದು ನನಗೆ ಮೊದಲು ಬರೀ ಹವ್ಯಾಸ. ಕೆಲಸ ಮುಗಿಸಿ ಬಂದು ರಾತ್ರಿ ಎಣ್ಣೆ ತೂಗಿ, ಕಾಸ್ಟಿಕ್ ಸೋಡಾ ಕರಗಿಸಿ, ಎರಡನ್ನೂ ಬೆರೆಸಿ ಅಚ್ಚಿಗೆ ಸುರಿಯುತ್ತಿದ್ದೆ. ಎರಡು ದಿನ ಬಿಟ್ಟು ಕತ್ತರಿಸಿ, ರ್ಯಾಕಿನ ಮೇಲೆ ಜೋಡಿಸಿಟ್ಟು ಮರೆತುಬಿಡುತ್ತಿದ್ದೆ. ನೆನಪಾದಾಗ ತೆಗೆದು ಬಳಸುವುದು, ಒಂದಿಷ್ಟು ಗೆಳತಿಯರಿಗೆ ಕೊಡುವುದು. ಅಷ್ಟೇ.

ಈಗ ಇದೇ ನನ್ನ ಕೆಲಸ. ಹವ್ಯಾಸವಾಗಿದ್ದಾಗ ನಾನು ಲೆಕ್ಕಕ್ಕೇ ಹಿಡಿಯದಿದ್ದದ್ದು ಆ ಒಣಗಿಸುವ ದಿನಗಳನ್ನು. ಮಾರಲು ಶುರು ಮಾಡಿದ ಮೇಲೆ ಎದುರಾದ ತೊಂದರೆಗಳೆಲ್ಲ ಹೆಚ್ಚುಕಮ್ಮಿ ಅಲ್ಲಿಂದಲೇ ಬಂದವು.

ಕುದಿಸದೆ ಮಾಡುವ ಸೋಪಿನಲ್ಲಿ ಎಣ್ಣೆ ಮತ್ತು ಕಾಸ್ಟಿಕ್ ಸೋಡಾ ಸೇರಿ ಸೋಪಾಗುವ ಕೆಲಸ ಮೊದಲ ಒಂದೆರಡು ದಿನದಲ್ಲೇ ಬಹುಪಾಲು ಮುಗಿದಿರುತ್ತದೆ. ಆದರೂ ನಾಲ್ಕರಿಂದ ಆರು ವಾರ ಗಾಳಿಯಾಡುವ ಕಡೆ ಇಡಬೇಕು. ಒಳಗಿನ ನೀರು ಆರಬೇಕಲ್ವಾ? ನೀರು ಆರಿದಷ್ಟೂ ಸೋಪು ಗಟ್ಟಿಯಾಗುತ್ತದೆ, ಬಚ್ಚಲಲ್ಲಿ ಬೇಗ ಕರಗಿಹೋಗುವುದಿಲ್ಲ.

ಮೊದಲ ಪೆಟ್ಟು ತೂಕದಲ್ಲಿ ಬಿತ್ತು. ನನ್ನ ಒಂದು ಬ್ಯಾಚಿಗೆ 1000 ಗ್ರಾಂ ಎಣ್ಣೆ, 380 ಗ್ರಾಂ ನೀರು, 142 ಗ್ರಾಂ ಕಾಸ್ಟಿಕ್ ಸೋಡಾ. ಒಟ್ಟು ಒಂದೂವರೆ ಕಿಲೋ. 100 ಗ್ರಾಮಿನಂತೆ 15 ಸೋಪು ಕತ್ತರಿಸಿ, ಲೇಬಲ್ಲಿನ ಮೇಲೂ 100 ಗ್ರಾಂ ಎಂದು ಹಾಕಿಸಿದ್ದೆ. ಮತ್ತೆ ಮತ್ತೆ ಕೊಳ್ಳುತ್ತಿದ್ದ ಒಬ್ಬರು ಮನೆಯಲ್ಲಿ ತೂಗಿ ನೋಡಿ, "88 ಗ್ರಾಂ ಇದೆಯಲ್ಲ ಮೇಡಂ" ಎಂದು ಕೇಳಿದರು. ಜಗಳವಾಡಲಿಲ್ಲ, ಸುಮ್ನೆ ಕೇಳಿದರು ಅಷ್ಟೇ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಮೋಸ ಮಾಡುವ ಯೋಚನೆ ನನಗೆ ಇರಲಿಲ್ಲ, ನಿಜ. ಆದರೆ ಅವರು ದುಡ್ಡು ಕೊಟ್ಟದ್ದು 100 ಗ್ರಾಮಿಗೆ. ನೀರು ಆರಿ ಹೋದದ್ದು ಅವರ ತಪ್ಪಲ್ಲ.

ಅವತ್ತಿನಿಂದ 115 ಗ್ರಾಮಿಗೆ ಕತ್ತರಿಸುತ್ತೇನೆ. ಒಣಗಿದ ಮೇಲೆ ಒಂದೊಂದನ್ನೂ ತೂಗಿ ಆಮೇಲೆ ಲೇಬಲ್ ಅಂಟಿಸುತ್ತೇನೆ. ಇದರಿಂದ ಒಂದು ಬ್ಯಾಚಿಗೆ 15ರ ಬದಲು 13 ಸೋಪು ಮಾತ್ರ ಸಿಗುತ್ತದೆ. ಅಂದರೆ ನಾನು ಮೊದಲು ಕಟ್ಟಿದ್ದ ಬೆಲೆಯೇ ತಪ್ಪಾಗಿತ್ತು. ಎಣ್ಣೆ, ಸೋಡಾ, ಸುತ್ತುವ ಕಾಗದ, ನನ್ನ ಕೈಕೆಲಸದ ಗಂಟೆಗಳು ಎಲ್ಲವನ್ನೂ 13ರಿಂದ ಭಾಗಿಸಿ ಹೊಸ ಬೆಲೆ ಇಟ್ಟೆ. ಕೆಲವರು ಬಿಟ್ಟುಹೋದರು. ತೂಕ ಕೇಳಿದವರು ಇವತ್ತಿಗೂ ಕೊಳ್ಳುತ್ತಾರೆ.

ಕಿತ್ತಳೆ, ನಿಂಬೆಯ ಪರಿಮಳವೂ ಹೀಗೇ. ಕತ್ತರಿಸುವಾಗ ಮನೆ ತುಂಬ ಘಮಘಮ, ಆರು ವಾರಕ್ಕೆ ಅರ್ಧ ಹಾರಿಹೋಗಿರುತ್ತದೆ. ಮಾರುವ ಮೊದಲು ಮೂಸಿ ನೋಡಬೇಕಾದದ್ದು ಒಣಗಿದ ಸೋಪನ್ನು.

ದೊಡ್ಡ ಪಾಠ ಕಲಿಸಿದ್ದು 200 ಸೋಪಿನ ಒಂದು ಆರ್ಡರು. ನಾಲ್ಕು ವಾರದಲ್ಲಿ ಬೇಕೆಂದರು. ಅಷ್ಟು ದೊಡ್ಡ ಆರ್ಡರು ಅದೇ ಮೊದಲು, ಆಗಲಿ ಎಂದುಬಿಟ್ಟೆ. ಮನೆಗೆ ಬಂದು ಲೆಕ್ಕ ಹಾಕಿದೆ. 13ರಂತೆ 200 ಆಗಬೇಕಾದರೆ 16 ಬ್ಯಾಚು. ನನ್ನ ಹತ್ತಿರ ಇದ್ದದ್ದು ಎರಡೇ ಅಚ್ಚು. ಸುರಿದ ಸೋಪು ಎರಡು ದಿನ ಅಚ್ಚಿನಲ್ಲೇ ಇರಬೇಕು. ಅಂದರೆ ಎಲ್ಲ ಮುಗಿಯಲು 16 ದಿನ, ಕೊನೆಯ ಬ್ಯಾಚಿಗೆ ಒಣಗಲು ಸಿಗುವುದು 12 ದಿನ. ನಾನು ಎಷ್ಟು ಬೇಗ ಕೈ ಆಡಿಸಿದರೂ ಅಚ್ಚು ಖಾಲಿಯಾಗಬೇಕಲ್ಲ?

ಆ ಅವಸರದಲ್ಲಿ ಇನ್ನೊಂದು ತಪ್ಪಾಯಿತು. ತೆಂಗಿನ ಎಣ್ಣೆ ಮುಗಿದಿತ್ತು. 300 ಗ್ರಾಂ ತೆಂಗಿನ ಎಣ್ಣೆಯ ಜಾಗಕ್ಕೆ ಆಲಿವ್ ಎಣ್ಣೆಯನ್ನೇ ಸುರಿದು ಎರಡು ಬ್ಯಾಚು ಮಾಡಿದೆ. ಸೋಡಾ ಅಳತೆ ಬದಲಿಸಲಿಲ್ಲ. ಒಂದು ಗ್ರಾಂ ತೆಂಗಿನ ಎಣ್ಣೆಗೆ ಸುಮಾರು 0.183 ಗ್ರಾಂ ಕಾಸ್ಟಿಕ್ ಸೋಡಾ ಬೇಕು, ಆಲಿವ್ ಎಣ್ಣೆಗೆ 0.135 ಸಾಕು. ಉಳಿದ 700 ಗ್ರಾಂ ಮೊದಲೇ ಆಲಿವ್ ಎಣ್ಣೆ. ಹೀಗೆ ಬರೀ ಆಲಿವ್ ಆದರೆ 1000 ಗ್ರಾಮಿಗೆ ಹೆಚ್ಚೆಂದರೆ 135 ಗ್ರಾಂ, ನಾನು ಹಾಕಿದ್ದು 142. ಉಳಿದ ಸೋಡಾ ಸೋಪಿನಲ್ಲೇ ಉಳಿಯಿತು. ನಾಲಿಗೆ ತುದಿಗೆ ಸೋಕಿಸಿದರೆ ಚುರ್ ಎಂದಿತು. ಯಾರದ್ದೋ ಮೈಗೆ ಹಚ್ಚುವ ವಸ್ತು ಅದು. ಎರಡನ್ನೂ ಬಿಸಾಡಿದೆ.

ಆರ್ಡರು ಕೊಟ್ಟವರಿಗೆ ಅವತ್ತೇ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. 182 ಕೊಡುತ್ತೇನೆ, ಉಳಿದ ದುಡ್ಡು ವಾಪಸ್ಸು, ಕೆಲವು ಇನ್ನೂ ಮೆದುವಾಗಿರುತ್ತವೆ ಎಂದೆ. ಬೇಸರಪಟ್ಟುಕೊಂಡರು, ಆದರೆ ಒಪ್ಪಿದರು. ಪ್ರತಿ ಸೋಪಿಗೂ "ಈ ತಾರೀಖಿನ ನಂತರ ಬಳಸಿ" ಎಂದು ಒಂದು ಚೀಟಿ ಕಟ್ಟಿದೆ.

ಈಗ ಯಾರೇ ಕೇಳಿದರೂ ಮೊದಲು ತಾರೀಖು ಕೇಳುತ್ತೇನೆ. ಆ ದಿನದಿಂದ ಆರು ವಾರ ಹಿಂದಕ್ಕೆ ಎಣಿಸಿ, ಅಚ್ಚುಗಳ ದಿನ ಕಳೆದು, ಆಮೇಲೆ ಉತ್ತರ ಕೊಡುತ್ತೇನೆ. ಸಮಯ ಸಾಲದಿದ್ದರೆ ರ್ಯಾಕಿನಲ್ಲಿ ಒಣಗಿರುವುದನ್ನು ತೋರಿಸುತ್ತೇನೆ. ಬ್ಯಾಚಿಗೊಂದು ನಂಬರು, ಸುರಿದ ದಿನ, ಯಾವ ಎಣ್ಣೆ ಎಷ್ಟು ಗ್ರಾಂ, ಎಲ್ಲವೂ ಒಂದು ಪುಸ್ತಕದಲ್ಲಿದೆ. ಪ್ರತಿ ಬ್ಯಾಚಿನಿಂದ ಒಂದು ಸೋಪು ಮಾರದೆ ಎತ್ತಿಡುತ್ತೇನೆ. ಯಾರಾದರೂ ದೂರು ಹೇಳಿದರೆ ಅದೇ ಬ್ಯಾಚಿನದ್ದನ್ನು ತೆಗೆದು ನೋಡಬಹುದು.

ನೌಕರಿ ಬಿಡುವ ಯೋಚನೆಯಲ್ಲಿರುವವರು ದುಡ್ಡಿನ ವಿಷಯದಲ್ಲೂ ಈ ದಿನಗಳನ್ನು ಎಣಿಸಿ. ಇವತ್ತು ಎಣ್ಣೆಗೆ ಕೊಟ್ಟ ಹಣ ನನ್ನ ಕೈಗೆ ವಾಪಸ್ಸು ಬರಲು ಎರಡು ತಿಂಗಳು ಬೇಕು. ಆ ಎರಡು ತಿಂಗಳ ಸಾಮಾನಿನ ಖರ್ಚನ್ನೂ ಮನೆ ಖರ್ಚನ್ನೂ ಬೇರೆ ಎತ್ತಿಟ್ಟ ಮೇಲೆಯೇ ನಾನು ಕೆಲಸ ಬಿಟ್ಟದ್ದು. ಮೈಗೆ ಹಚ್ಚುವ ವಸ್ತು ಮಾರಲು ನಿಮ್ಮಲ್ಲಿ ಪರವಾನಗಿ ಬೇಕೇ, ಲೇಬಲ್ಲಿನಲ್ಲಿ ಏನೇನಿರಬೇಕು ಎಂಬುದನ್ನೂ ಮೊದಲ ಸೋಪು ಮಾರುವ ಮುಂಚೆಯೇ ವಿಚಾರಿಸಿ.

ಹಳೆಯ ಚಿಕ್ಕ ಅಚ್ಚೊಂದು ಇನ್ನೂ ಇದೆ, ನಾಲ್ಕೇ ಸೋಪು ಹಿಡಿಸುತ್ತದೆ. ತಿಂಗಳಿಗೊಮ್ಮೆ ಅದರಲ್ಲಿ ಏನಾದರೂ ಹೊಸದನ್ನು ಮಾಡುತ್ತೇನೆ. ಅದಕ್ಕೆ ಲೇಬಲ್ಲಿಲ್ಲ, ಮಾರುವುದೂ ಇಲ್ಲ. ಕಳೆದ ಸಲದ್ದು ಇದ್ದಿಲಪುಡಿ ಹಾಕಿದ್ದು. ಒಣಗಲು ಇನ್ನೂ ಮೂರು ವಾರ ಬಾಕಿ ಇದೆ.