ಕಹಿ ವೈನಿಗೆ ಆಟಿಯ ತಿಂಡಿ: ಹದಿನೈದರಲ್ಲಿ ಒಂಬತ್ತು ಗ್ಲಾಸು ಆಯಿತು

ಬಾಟಲಿಯ ಮೈಗೆ ಬಿಳಿ ಟೇಪು ಅಂಟಿಸಿ ಹದಿನೈದು ಗೆರೆ ಎಳೆದಿದ್ದೆ. 750 ಮಿಲಿಯ ಬಾಟಲಿ, ಒಂದು ಸಲಕ್ಕೆ 50 ಮಿಲಿ. ನಿನ್ನೆ ರಾತ್ರಿ ಒಂಬತ್ತನೆಯ ಗೆರೆ ದಾಟಿತು, ಇನ್ನು ಆರು ಸಲಕ್ಕೆ ಉಂಟು. ಈ ಕಹಿ ವೈನಿಗೆ ನಮ್ಮ ಊರಿನ ಯಾವ ತಿಂಡಿ ಹೊಂದುತ್ತದೆ ಎಂದು ಇಷ್ಟರವರೆಗೆ ಗೊತ್ತಾದದ್ದನ್ನು ಈಗಲೇ ಬರೆದಿಡುತ್ತೇನೆ.

ಬಾವ ರಜೆಯಲ್ಲಿ ಬರುವಾಗ ತಂದುಕೊಟ್ಟದ್ದು ಕೊಕ್ಕಿ ಅಮೆರಿಕಾನೊ. ಹೆಸರು ಕೇಳಿ ಕಾಫಿ ಅಂದುಕೊಳ್ಳಬೇಡಿ, ಇದು ವೈನ್. ಇಟಲಿಯ ಆಸ್ಟಿಯಲ್ಲಿ ಜೂಲಿಯೊ ಕೊಕ್ಕಿ 1891ರಲ್ಲಿ ಆರಂಭಿಸಿದ ಕಂಪನಿಯದ್ದು. ಬಿಳಿ ದ್ರಾಕ್ಷಿಯ ವೈನಿಗೆ ಜೆನ್ಶಿಯನ್ ಬೇರು, ಸಿಂಕೋನಾ ತೊಗಟೆ, ಕಹಿ ಕಿತ್ತಳೆಯ ಸಿಪ್ಪೆ, ಎಲ್ಡರ್ ಹೂವು ಎಲ್ಲ ಹಾಕಿ ಸಿಹಿ ಮಾಡಿರುತ್ತಾರೆ. ಮದ್ಯದ ಅಂಶ ಶೇಕಡಾ 16.5. ಊಟಕ್ಕೆ ಮೊದಲು ಸ್ವಲ್ಪವೇ ಕುಡಿದು ಹಸಿವು ಹುಟ್ಟಿಸಿಕೊಳ್ಳುವ ಪಾನೀಯ. ಒಮ್ಮೆ ಮುಚ್ಚಳ ತೆಗೆದರೆ ಫ್ರಿಜ್ಜಿನಲ್ಲೇ ಇರಬೇಕು. ಅಲ್ಲಿಟ್ಟರೂ ಒಂದೆರಡು ತಿಂಗಳಲ್ಲಿ ಪರಿಮಳ ಕುಂದುತ್ತದೆ. ಹಾಗಾಗಿ ಈ ಲೆಕ್ಕಕ್ಕೆ ಗಡುವು ಉಂಟು: ತುಳುವರ ಆಟಿ ತಿಂಗಳು (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯ) ಮುಗಿದು ಮುಂದಿನ ತಿಂಗಳು ಸೋಣ ಹುಟ್ಟಿ ಸ್ವಲ್ಪ ದಿನಕ್ಕೆ ಬಾಟಲಿ ಖಾಲಿಯಾಗಬೇಕು.

ಅಳೆಯುವ ಕ್ರಮ ಸುಲಭದ್ದು. ಒಂದು ತುತ್ತು ತಿಂದು, ಒಂದು ಗುಟುಕು ನುಂಗಿ, ಬಾಯಲ್ಲಿ ಕಹಿ ಎಷ್ಟು ಉಸಿರಿನವರೆಗೆ ನಿಲ್ಲುತ್ತದೆ ಎಂದು ಎಣಿಸುವುದು. ಮೊದಲ ಗ್ಲಾಸನ್ನು ಬರೀ ಐಸ್ ಹಾಕಿ, ಏನೂ ತಿನ್ನದೆ ಕುಡಿದೆ: ಹನ್ನೊಂದು ಉಸಿರು. ಮೊದಲು ಹೂವಿನ ಹಾಗೆ ಸಿಹಿ, ಅದು ಇಳಿಯುತ್ತಿದ್ದಂತೆ ನಾಲಿಗೆಯ ಬುಡದಲ್ಲಿ ಬೇರಿನ ಕಹಿ. ಎರಡನೆಯದಕ್ಕೆ ಇಟಲಿಯವರ ಕ್ರಮದಲ್ಲಿ ಸೋಡಾ, ಕಿತ್ತಳೆಯ ಹೋಳು. ಚೆನ್ನಾಗಿತ್ತು, ಅದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ.

ಮೂರನೆಯದು ಕೆಟ್ಟಿತು. ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಇದ್ದರೂ ಮಂಗಳೂರಿನ ಉರ್ವ ಮಾರ್ಕೆಟ್ಟಿನಲ್ಲಿ ನಾಡದೋಣಿಯವರ ಬಂಗುಡೆ ಸಿಕ್ಕಿತು. ಮನೆಗೆ ತಂದು ಪುಳಿಮುಂಚಿ ಮಾಡಿದೆ. ನಮ್ಮ ಊರಿನ ಖಾರಕ್ಕೆ ಆ ಊರಿನ ಕಹಿ ಹೊಂದೀತು ಎಂಬ ಆಸೆ. ಹುಣಸೆಹುಳಿ ಬಾಯಲ್ಲಿರುವಾಗ ವೈನು ನೀರುನೀರಾಯಿತು, ಹೂವಿನ ಪರಿಮಳ ಪೂರ್ತಿ ಮಾಯ. ಮೆಣಸಿನ ಉರಿಗೆ ಮದ್ಯದ ಉರಿ ಸೇರಿ ಗಂಟಲು ಸುಟ್ಟಿತು. ಉಳಿದದ್ದು ಕಹಿ ಒಂದೇ, ಹತ್ತೊಂಬತ್ತು ಉಸಿರು. ಖಾರದ್ದೇ ಆದ ಕೋರಿ ರೊಟ್ಟಿ, ಘೀ ರೋಸ್ಟ್ ಎರಡನ್ನೂ ಪಟ್ಟಿಯಿಂದ ಅಲ್ಲೇ ಹೊಡೆದುಹಾಕಿದೆ.

ನಾಲ್ಕನೆಯದಕ್ಕೆ ಪುನರ್ಪುಳಿ (ಕೋಕಂ) ಸಿರಪ್ಪು ಒಂದು ಚಮಚ ಬೆರೆಸಿದೆ. ಬಣ್ಣ ನೋಡಿದರೆ ಕಣ್ಣು ತಣಿಯಬೇಕು, ಅಷ್ಟು ಚೆಂದದ ಕೆಂಪು. ರುಚಿ ಮಾತ್ರ ಒಗರು. ಬಿಸಾಡಲು ಮನಸ್ಸಾಗದೆ ಒಂದು ಚಿಟಿಕೆ ಉಪ್ಪು ಹಾಕಿ ಕಲಕಿದೆ. ಕಹಿ ಹಿಂದಕ್ಕೆ ಸರಿದು ಹಣ್ಣಿನ ಸಿಹಿ ಮುಂದಕ್ಕೆ ಬಂತು. ಉಪ್ಪಿಗೆ ಕಹಿಯನ್ನು ತಗ್ಗಿಸುವ ಗುಣ ಉಂಟು, ಸಕ್ಕರೆಯಷ್ಟೇ, ಕೆಲವು ಸಲ ಅದಕ್ಕಿಂತ ಹೆಚ್ಚು. ಹಾಗಲಕಾಯಿ ಮೆಣಸ್ಕಾಯಿಗೆ ಬೆಲ್ಲ ಎಷ್ಟು ಸುರಿದರೂ ಉಪ್ಪು ಕಡಿಮೆಯಾದರೆ ಕಹಿ ಹೊಡೆಯುತ್ತದಲ್ಲ, ಅದೇ ಲೆಕ್ಕ.

ಐದನೆಯದು ಹಲಸಿನ ಹಪ್ಪಳದ ಜೊತೆ. ಕಳೆದ ಬೇಸಿಗೆಯಲ್ಲಿ ಅಮ್ಮ ಒಣಗಿಸಿಟ್ಟದ್ದು, ತೆಂಗಿನೆಣ್ಣೆಯಲ್ಲಿ ಕರಿದದ್ದು, ಹೊರಗೆ ಜಡಿಮಳೆ. ಕಹಿ ಆರೇ ಉಸಿರಿಗೆ ಇಳಿಯಿತು. ಉಪ್ಪು, ಎಣ್ಣೆಯ ಜಿಡ್ಡು, ಹಲಸಿನ ಸಣ್ಣ ಸಿಹಿ: ಮೂರೂ ಒಂದೇ ಹಪ್ಪಳದಲ್ಲಿ ಇದ್ದವು. ಆದರೆ ಅದು ಯಾಕೆ ಹಾಗೆ ಹೊಂದಿತು ಎಂದು ನನಗೆ ಸರಿಯಾಗಿ ಅರ್ಥವಾದದ್ದು ಆಟಿ ಅಮಾವಾಸ್ಯೆಯ ದಿನ, ಕಾಪು ಹತ್ತಿರದ ಅಮ್ಮನ ಮನೆಯಲ್ಲಿ.

ಗೊತ್ತಿಲ್ಲದವರಿಗೆ: ಆ ದಿನ ತುಳುನಾಡಿನ ಮನೆಮನೆಯಲ್ಲಿ ಬೆಳಗ್ಗೆ ಖಾಲಿ ಹೊಟ್ಟೆಗೆ ಪಾಲೆ ಮರದ ಕೆತ್ತೆಯ, ಅಂದರೆ ತೊಗಟೆಯ, ಕಷಾಯ. ಮಾವ ಬೆಳಕು ಹರಿಯುವ ಮೊದಲೇ ಹೋಗಿ, ಕತ್ತಿ ತಾಗಿಸದೆ ಕಲ್ಲಿನಲ್ಲಿ ಜಜ್ಜಿ ತೊಗಟೆ ತಂದಿದ್ದರು. ಹಿಂದಿನ ದಿನವೇ ಮರ ಗುರುತು ಮಾಡಿಟ್ಟು ಬರುವುದು ಅವರ ಪದ್ಧತಿ. ಕತ್ತಲಲ್ಲಿ ಮರ ತಪ್ಪಿ ಕಾಸರಕದ ತೊಗಟೆ ಬಂದರೆ ಅದು ವಿಷ, ಜೀವಕ್ಕೇ ಅಪಾಯ. ಮರ ಕಂಡು ಗೊತ್ತಿರುವ ಹಿರಿಯರು ಇಲ್ಲದಿದ್ದರೆ ಈ ಕೆಲಸಕ್ಕೆ ಯಾರೂ ಕೈ ಹಾಕಬಾರದು.

ಅಮ್ಮ ತೊಗಟೆಯ ಜೊತೆ ಬೆಳ್ಳುಳ್ಳಿ, ಒಳ್ಳೆಮೆಣಸು, ಓಮ, ಅರಶಿನ ಅರೆದು ರಸ ಹಿಂಡಿದಳು. ಒಲೆಯ ಕೆಂಡದಲ್ಲಿ ಕಾದು ಕೆಂಪಾದ ಬೆಣಚುಕಲ್ಲನ್ನು ಇಕ್ಕಳದಲ್ಲಿ ಹಿಡಿದು ಪಾತ್ರೆಗೆ ಇಳಿಸಿದಳು. ಚುಂಯ್ ಎಂದು ಹಬೆ ಎದ್ದು ಅಡಿಗೆಮನೆ ಇಡೀ ಓಮದ ಪರಿಮಳ. ಅರ್ಧ ಲೋಟ ಒಂದೇ ಉಸಿರಿಗೆ ಕುಡಿದೆ. ಆಗ ತಲೆಗೆ ಹೊಳೆಯಿತು: ಅಲ್ಲಿಯೂ ಮರದ ತೊಗಟೆ, ಇಲ್ಲಿಯೂ ಮರದ ತೊಗಟೆ. ಸಿಂಕೋನಾದ ತೊಗಟೆಯಿಂದಲೇ 1820ರಲ್ಲಿ ಫ್ರಾನ್ಸಿನ ಪೆಲ್ಟಿಯೆ ಮತ್ತು ಕಾವಂತು ಮಲೇರಿಯಾ ಜ್ವರದ ಮದ್ದು ಕ್ವಿನೈನ್ ಬೇರ್ಪಡಿಸಿದ್ದು. ಪಾಲೆಯ ತೊಗಟೆಯನ್ನೂ ಏಷ್ಯಾದ ಹಲವು ಕಡೆ ಜ್ವರಕ್ಕೆ ಕೊಡುತ್ತಿದ್ದರು.

“ಬಾಟಲಿಯ ಕಹಿಗೂ ಇದಕ್ಕೂ ಯಾವುದು ಜಾಸ್ತಿ?” ಅಮ್ಮ ಕೇಳಿದಳು.

“ಇದೇ ಅಮ್ಮ. ಅದರಲ್ಲಿ ಸಿಹಿ ಉಂಟು.”

“ಇದಕ್ಕೂ ಉಂಟು. ಕೂತ್ಕೋ, ಬಡಿಸ್ತೇನೆ.”

ಬಡಿಸಿದ್ದು ಮೆಂತೆ ಗಂಜಿ. ಅಕ್ಕಿ, ಮೆಂತೆ, ತೆಂಗಿನಹಾಲು, ಬೆಲ್ಲ, ಒಂದು ಕಲ್ಲು ಉಪ್ಪು. ಕಷಾಯ ಉಷ್ಣ, ಗಂಜಿ ತಂಪು ಎಂಬುದು ಅಮ್ಮನ ವಿವರಣೆ. ನಾನು ಗಮನಿಸಿದ್ದು ಬಾಯಿಯನ್ನು. ಮೊದಲ ಚಮಚಕ್ಕೆ ತೆಂಗಿನಹಾಲಿನ ಜಿಡ್ಡು ನಾಲಿಗೆ ಇಡೀ ಹರಡಿತು, ಬೆಲ್ಲದ ಸಿಹಿ ಕಹಿಯ ಮೇಲೆ ಕೂತಿತು. ಮೆಂತೆಯೂ ಕಹಿಯೇ, ಆದರೆ ಮೆತ್ತಗಿನ ಕಹಿ. ದೊಡ್ಡ ಕಹಿಯನ್ನು ಅದು ಕೈ ಹಿಡಿದು ಕೆಳಗಿಳಿಸಿದ ಹಾಗಿತ್ತು. ಕಹಿಯ ಜೊತೆ ಏನು ತಿನ್ನಬೇಕು ಎಂದು ನಾನು ಮೂರು ವಾರ ಹುಡುಕಿದ್ದರ ಉತ್ತರ ನಮ್ಮ ಒಲೆಯ ಮೇಲೇ ಬೇಯುತ್ತಿತ್ತು: ಹುಳಿ ಬೇಡ, ಖಾರ ಬೇಡ. ತೆಂಗು, ಬೆಲ್ಲ, ಉಪ್ಪು, ಅದರೊಳಗೆ ಒಂದು ಎಳೆ ಕಹಿ ಅಥವಾ ಕಂಪು. ಆ ದಿನ ವೈನ್ ಮುಟ್ಟಲಿಲ್ಲ. ಕಷಾಯ ಕುಡಿದ ದಿನ ಮದ್ಯ ಸೇರಿಸುವುದು ನನಗೆ ಸರಿ ಕಾಣುವುದಿಲ್ಲ.

ಆರನೆಯದು, ಏಳನೆಯದು ಈ ಸೂತ್ರದ ಪರೀಕ್ಷೆ. ಒಣ ಎಟ್ಟಿಯ (ಸಿಗಡಿಯ) ಚಟ್ನಿ, ಮೆಣಸು ಎರಡೇ ಹಾಕಿ, ತೆಂಗು ಜಾಸ್ತಿ ಮಾಡಿ: ಏಳು ಉಸಿರು, ಹುಣಸೆ ಬಿಟ್ಟಿದ್ದರೆ ಇನ್ನೂ ಒಳ್ಳೆಯದಿತ್ತು. ಹುರಿದ ಗೇರುಬೀಜ, ತುಪ್ಪ, ಉಪ್ಪು: ಐದು. ಮನೆಗೆ ಯಾರಾದರೂ ಬಂದಾಗ ಹತ್ತು ನಿಮಿಷದಲ್ಲಿ ಆಗುವುದು ಇದೇ.

ಎಂಟನೆಯದರಲ್ಲಿ ಗ್ಲಾಸಿನ ಕಡೆ ಕೈ ಹಾಕಿದೆ. ಕಿತ್ತಳೆಯ ಹೋಳಿನ ಬದಲು ಅಮ್ಮನ ತೋಟದ ಕಂಚುಹುಳಿ. ರಸ ಬೇಡ, ಸಿಪ್ಪೆ ಮಾತ್ರ. ಬೆರಳಗಲದ ಪಟ್ಟಿ, ಒಳಗಿನ ಬಿಳಿ ಆದಷ್ಟು ಕೆರೆದು, ಹಸಿರು ಮೈ ಕೆಳಗೆ ಮಾಡಿ ಗ್ಲಾಸಿನ ಮೇಲೆ ತಿರುಚಿದರೆ ಮಂಜಿನಷ್ಟು ಸಣ್ಣ ಹನಿಗಳು ಹಾರುತ್ತವೆ. ಐಸಿನ ಮೇಲೆ ಎಣ್ಣೆಯ ಪೊರೆ ಬಣ್ಣಬಣ್ಣವಾಗಿ ಮಿನುಗಿತು. ಈ ವೈನಿನೊಳಗೂ ಕಿತ್ತಳೆಯ ಸಿಪ್ಪೆ ಇರುವುದರಿಂದ ಎರಡೂ ಪರಿಮಳ ಗುರುತು ಹಿಡಿದ ನೆಂಟರ ಹಾಗೆ ಸೇರಿಕೊಂಡವು. ಇನ್ನು ಮೇಲೆ ನನ್ನ ಗ್ಲಾಸಿಗೆ ಕಿತ್ತಳೆ ಇಲ್ಲ.

ಒಂಬತ್ತನೆಯದು ನಿನ್ನೆಯದು. ನಾಗರಪಂಚಮಿಗೆ ಊರಿಗೆ ಹೋಗಿದ್ದಾಗ ಅಮ್ಮ ಅರಶಿನ ಎಲೆಯ ಗಟ್ಟಿ ಮಾಡಿದ್ದಳು. ಹಬ್ಬದ ದಿನ ಕುಡಿಯುವ ಪ್ರಶ್ನೆಯೇ ಇಲ್ಲ. ನಾಲ್ಕು ಗಟ್ಟಿ ಡಬ್ಬಿಯಲ್ಲಿ ಮಂಗಳೂರಿಗೆ ಬಂದವು. ನಿನ್ನೆ ಸಂಜೆ ಎಲೆ ಬಿಡಿಸದೆ ಹಬೆಯಲ್ಲಿ ಮತ್ತೆ ಬಿಸಿ ಮಾಡಿದೆ. ಎಲೆ ಬಿಡಿಸಿದಾಗ ಅದರ ನರಗಳ ಗೆರೆ ಅಕ್ಕಿಹಿಟ್ಟಿನ ಮೇಲೆ ಹಾಗೇ ಅಚ್ಚೊತ್ತಿತ್ತು, ಒಳಗೆ ತೆಂಗು ಬೆಲ್ಲ ಕರಗಿ ಕಂದು ರಸ. ಒಂದು ತುಂಡು, ಒಂದು ಗುಟುಕು. ಕಹಿ ನಾಲ್ಕೇ ಉಸಿರು. ಆದರೆ ಕಹಿ ಹೋದ ಮೇಲೂ ಅರಶಿನ ಎಲೆಯ ಕಂಪೂ ವೈನಿನ ಹೂವಿನ ಕಂಪೂ ಬಿಡಿಸಲಾರದಂತೆ ಬಾಯಲ್ಲಿ ಉಳಿದವು. ಎಣಿಸುವುದನ್ನು ನಿಲ್ಲಿಸಿದೆ. ಒಂಬತ್ತರಲ್ಲಿ ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ.

ಮುಂದಿನದು ಪತ್ರೊಡೆ. ಅದಕ್ಕೆ ಹುಳಿ ಹಾಕದಿದ್ದರೆ ಕೆಸುವಿನೆಲೆ ಗಂಟಲು ತುರಿಸುತ್ತದೆ, ಹಾಗಾಗಿ ಬರೀ ಪತ್ರೊಡೆ ಸೋಲುತ್ತದೆ ಎಂದೇ ನನ್ನ ಅಂದಾಜು. ಹೋಳು ಮಾಡಿ ಬೆಲ್ಲ, ತೆಂಗಿನತುರಿ ಹಾಕಿ ಒಗ್ಗರಣೆ ಕೊಟ್ಟ ಪುಡಿ ಪತ್ರೊಡೆ ಗೆದ್ದೀತು. ಎರಡಕ್ಕೂ ಅರ್ಧರ್ಧ ಗ್ಲಾಸು ತೆಗೆದಿಟ್ಟಿದ್ದೇನೆ. ಕೆಸುವಿನೆಲೆ ಶನಿವಾರ ಅಮ್ಮ ಬಸ್ಸಿನಲ್ಲಿ ಕಳಿಸುತ್ತಾಳೆ.